ಲೆಕ್ಕಕ್ಕೆ ಸಿಗದ ಇಪ್ಪತ್ತನಾಲ್ಕು ಗಂಟೆ

ಕಳೆದ ಮಳೆಗಾಲದಲ್ಲಿ ಆನವಟ್ಟಿ ಸಮೀಪದ ಹಳ್ಳಿಯಲ್ಲಿರುವ ನನ್ನ ಸೋದರತ್ತೆಗೆ ಉಸಿರಾಟದ ತೊಂದರೆ ಹೆಚ್ಚಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಸರ್ಕಾರಿ ಆಸ್ಪತ್ರೆ. ಅದರ ಹೆಸರು ಇಲ್ಲಿ ಬೇಡ. ನಾನು ಹೇಳಹೊರಟಿರುವುದು ಆ ಒಂದು ಆಸ್ಪತ್ರೆಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಮೂರು ರಾತ್ರಿ ಅವರ ಮಂಚದ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಕಳೆದೆ. ಮೂರೂ ರಾತ್ರಿ ವಾರ್ಡನ್ನು ನೋಡಿಕೊಂಡವರು ಒಬ್ಬರೇ ನರ್ಸ್. ಎರಡನೆಯ ರಾತ್ರಿ, ನಾಲ್ಕು ಗಂಟೆಯ ಸುಮಾರಿಗೆ, ಅವರು ಸಿರಿಂಜು ಹಿಡಿದು ಅತ್ತೆಯ ಬಳಿ ಬಂದರು. ಕೈಗೆ ಚುಚ್ಚಿದ್ದ ಸೂಜಿಯ ಮುಚ್ಚಳ ತೆರೆದರು. ಒಂದು ಕ್ಷಣ ತಡೆದು ನಿಂತು, ಹಾಸಿಗೆಯ ಕಾಲ ಬಳಿ ತೂಗುಹಾಕಿದ್ದ ಕೇಸ್ ಶೀಟ್ ನೋಡಿದರು. ಆ ಇಂಜೆಕ್ಷನ್ ಪಕ್ಕದ ಮಂಚದ ರೋಗಿಯದಾಗಿತ್ತು. ‘ತಪ್ಪು ತಿಳ್ಕೋಬೇಡಿ ಸರ್, ಇದು ಐದನೇ ನೈಟು’ ಎಂದಷ್ಟೇ ಹೇಳಿ ಮುಚ್ಚಳ ಹಾಕಿ ಹೋದರು.

ಅತ್ತೆಗೆ ಏನೂ ಆಗಲಿಲ್ಲ. ಅವರು ನಿದ್ದೆಯಲ್ಲಿದ್ದರು; ಇಂದಿಗೂ ಈ ವಿಷಯ ಅವರಿಗೆ ತಿಳಿಯದು. ನನಗೆ ಮೊದಲು ಬಂದದ್ದು ಸಿಟ್ಟು. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರದ ಸೇವೆಯಲ್ಲಿದ್ದ ನನಗೆ ದೂರು ಬರೆಯುವುದು ಹೇಗೆ, ಅದನ್ನು ಯಾರಿಗೆ ಕಳುಹಿಸಿದರೆ ಕ್ರಮ ಜರುಗುತ್ತದೆ ಎಂಬುದು ಚೆನ್ನಾಗಿ ಗೊತ್ತು. ಆದರೆ ಬೆಳಗಾಗುವ ಹೊತ್ತಿಗೆ ಸಿಟ್ಟು ಇಳಿದು, ‘ಐದನೇ ನೈಟು’ ಎಂಬ ಮಾತು ಮಾತ್ರ ಉಳಿಯಿತು. ಔಷಧಿ ಚೀಟಿಯ ಹಿಂಬದಿಯಲ್ಲಿ ಒಂದು ಸಣ್ಣ ಲೆಕ್ಕ ಹಾಕಿದೆ. ಅರ್ಥಶಾಸ್ತ್ರದ ಎಂ.ಎ. ಪದವಿಯೇನೂ ಅದಕ್ಕೆ ಬೇಕಿರಲಿಲ್ಲ. ಗುಣಾಕಾರ ಭಾಗಾಕಾರ ಬಂದರೆ ಸಾಕು.

ವಾರಕ್ಕೆ 168 ಗಂಟೆ. 1948ರ ಕಾರ್ಖಾನೆ ಕಾಯ್ದೆ ಕಾರ್ಮಿಕರ ದುಡಿಮೆಗೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಅಂದಿನಿಂದ ನಮ್ಮ ದೇಶದಲ್ಲಿ ನ್ಯಾಯವಾದ ದುಡಿಮೆಗೆ ಅದೇ ಅಳತೆಗೋಲು. ಹಗಲಿರುಳೂ ಒಬ್ಬರು ಇರಲೇಬೇಕಾದ ಒಂದು ಜಾಗವನ್ನು ಈ ಅಳತೆಯಲ್ಲಿ ತುಂಬಲು ಮೂರೂವರೆ ಜನ ಬೇಕು. ರಜೆಯನ್ನೇ ಪಡೆಯದ, ಕಾಯಿಲೆ ಬೀಳದ, ಬಾಣಂತನಕ್ಕೆ ಹೋಗದ, ತರಬೇತಿಗೆ ಕರೆ ಬಾರದ ಮೂರೂವರೆ ಜನ. ಗಳಿಕೆ ರಜೆ, ಸಾಂದರ್ಭಿಕ ರಜೆ, ಹಬ್ಬಗಳ ರಜೆ ಎಲ್ಲ ಕಳೆದು ಒಬ್ಬ ನೌಕರರು ವರ್ಷಕ್ಕೆ 44 ವಾರ ಕೆಲಸಕ್ಕೆ ಸಿಗುತ್ತಾರೆಂದು ಇಟ್ಟುಕೊಂಡರೆ ಸಂಖ್ಯೆ ನಾಲ್ಕನ್ನು ದಾಟುತ್ತದೆ. ಇದು ಒಂದೇ ಒಂದು ಕುರ್ಚಿಯ ಲೆಕ್ಕ.

ಈಗ ನಮ್ಮ ವ್ಯವಸ್ಥೆ ಏನನ್ನು ಕೊಟ್ಟಿದೆ ನೋಡೋಣ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ, ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ದಿನದ 24 ಗಂಟೆಯೂ ತೆರೆದಿಡಬೇಕೆಂಬ ಒಳ್ಳೆಯ ಗುರಿ ಹಾಕಿಕೊಳ್ಳಲಾಯಿತು. ಅದಕ್ಕಾಗಿ ಪ್ರತಿ ಕೇಂದ್ರಕ್ಕೆ ಮೂವರು ನರ್ಸುಗಳು ಎಂದು ನಿಗದಿಯಾಯಿತು. ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು, ರಾತ್ರಿ ಒಬ್ಬರು. ಕಾಗದದ ಮೇಲೆ ಬಹಳ ಅಂದವಾಗಿದೆ. ಆದರೆ ಮೂರು ಗುಣಿಸು 48 ಎಂದರೆ 144. ವಾರದಲ್ಲಿ 24 ಗಂಟೆ ಯಾರ ಲೆಕ್ಕಕ್ಕೂ ಸೇರದೆ ಉಳಿಯಿತು. ಕೇಂದ್ರವಂತೂ ಆ 24 ಗಂಟೆ ಬಾಗಿಲು ಮುಚ್ಚುವಂತಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ ಪಾಳಿ ಬೆಳಿಗ್ಗೆ ಎಂಟರಿಂದ ಎರಡು, ಎರಡರಿಂದ ರಾತ್ರಿ ಎಂಟು, ಎಂಟರಿಂದ ಮರುದಿನ ಬೆಳಿಗ್ಗೆ ಎಂಟು. ಮೂವರೇ ಇದ್ದಾಗ, ವಾರಪೂರ್ತಿ ರಾತ್ರಿ ಪಾಳಿ ಮಾಡುವವರ ಪಾಲಿಗೆ 84 ಗಂಟೆ ಬರುತ್ತದೆ. ಹಗಲಿನ ಇಬ್ಬರಿಗೆ ತಲಾ 42. ಯಾರಿಗೂ ವಾರದ ರಜೆ ಇಲ್ಲ. ಮೂವರಲ್ಲಿ ಒಬ್ಬರ ಮಗುವಿಗೆ ಜ್ವರ ಬಂದರೆ, ಅಥವಾ ಒಬ್ಬರು ಹೆರಿಗೆ ರಜೆಯ ಮೇಲೆ ಹೋದರೆ, ಉಳಿದ ಇಬ್ಬರಿಗೂ 84 ಗಂಟೆ. ಇಷ್ಟೆಲ್ಲ ಮೂರು ಹುದ್ದೆಗಳೂ ಭರ್ತಿಯಾಗಿದ್ದರೆ ಬರುವ ಲೆಕ್ಕ.

ಸಮುದಾಯ ಆರೋಗ್ಯ ಕೇಂದ್ರದ ಕಥೆ ತುಸು ಉತ್ತಮ, ಆದರೆ ಬಹಳವಲ್ಲ. 2012ರ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳು 30 ಹಾಸಿಗೆಯ ಕೇಂದ್ರಕ್ಕೆ ಹತ್ತು ನರ್ಸುಗಳನ್ನು ಸೂಚಿಸಿದವು. ಹತ್ತು ಎಂಬುದು ಕೇಳಲು ದೊಡ್ಡ ಸಂಖ್ಯೆ. ಮೇಲಿನ ಲೆಕ್ಕದಂತೆ ಹಂಚಿದರೆ ಯಾವುದೇ ಗಳಿಗೆಯಲ್ಲಿ ಸರಾಸರಿ ಇಬ್ಬರು, ಅಬ್ಬಬ್ಬಾ ಎಂದರೆ ಎರಡೂವರೆ ಜನ. ಹಗಲು ಹೊರರೋಗಿಗಳ ಸಂದಣಿಗೆ ಹೆಚ್ಚು ಜನರನ್ನು ಹಾಕಲೇಬೇಕು. ರಾತ್ರಿಗೆ ಉಳಿಯುವವರು ಒಬ್ಬರು. ಆ ಒಬ್ಬರೇ ವಾರ್ಡಿಗೂ ಹೆರಿಗೆ ಕೋಣೆಗೂ ತುರ್ತು ಚಿಕಿತ್ಸೆಗೂ ಓಡಬೇಕು. ಆನವಟ್ಟಿಯಂಥ ಹೋಬಳಿ ಊರನ್ನು ಬಲ್ಲವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಸುತ್ತಲ ಹಳ್ಳಿಗಳ ಗರ್ಭಿಣಿಯರು, ಜೋಳದ ಹೊಲದಲ್ಲಿ ಹಾವು ಕಚ್ಚಿಸಿಕೊಂಡವರು, ಕೀಟನಾಶಕ ಕುಡಿದವರು, ಬೈಕಿನಿಂದ ಬಿದ್ದವರು ಎಲ್ಲರೂ ಮೊದಲು ಬಂದು ನಿಲ್ಲುವುದು ಹತ್ತಿರದ ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ. ಕೈಮೀರಿದರೆ ಶಿರಾಳಕೊಪ್ಪದ ಮೇಲಾಗಿ ಶಿಕಾರಿಪುರ, ಅಲ್ಲಿಯೂ ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್. ಕಾಡಿನ ಹೆಸರನ್ನೇ ಜಗತ್ತಿನ ವೈದ್ಯಗ್ರಂಥಗಳಿಗೆ ಕೊಟ್ಟ ತಾಲ್ಲೂಕು ಸೊರಬ. 1957ರಲ್ಲಿ ಮಂಗನ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಇಲ್ಲಿಯ ಕ್ಯಾಸನೂರು ಕಾಡಿನಲ್ಲಿ. ಮಲೆನಾಡಿನಲ್ಲಿ ಡಿಸೆಂಬರಿನಿಂದ ಬೇಸಿಗೆ ಮುಗಿಯುವವರೆಗೆ ಯಾವ ಜ್ವರವನ್ನೂ ‘ಬರೀ ಜ್ವರ’ ಎಂದು ಬಿಟ್ಟು ಕೂರುವಂತಿಲ್ಲ.

ಈ ವ್ಯವಸ್ಥೆ ಸೋತಿದೆ ಎಂದು ಯಾರೂ ಹೇಳಲಾರರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005–06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆದದ್ದು ಶೇ 65ರಷ್ಟು. 2015–16ರ ವೇಳೆಗೆ ಅದು ಶೇ 94ಕ್ಕೆ, 2019–20ರಲ್ಲಿ ಶೇ 97ಕ್ಕೆ ಏರಿತು. ನನ್ನ ತಲೆಮಾರಿನ ಅಧಿಕಾರಿಗಳು ಹೆಮ್ಮೆಯಿಂದ ಹೇಳಿಕೊಳ್ಳುವ ಕೆಲವೇ ಅಂಕಿಗಳಲ್ಲಿ ಇದೂ ಒಂದು. ಆದರೆ ಮಗು ಹುಟ್ಟಲು ಕಚೇರಿ ವೇಳೆಯನ್ನು ನೋಡುವುದಿಲ್ಲ. ಶೇ 65ರಿಂದ 97ಕ್ಕೆ ಏರಿದ ಈ ಏಣಿಯ ಪ್ರತಿ ಮೆಟ್ಟಿಲಲ್ಲೂ ರಾತ್ರಿ ಎಚ್ಚರವಿದ್ದ ಒಬ್ಬ ಹೆಂಗಸಿದ್ದಾಳೆ. ಆ ಎಚ್ಚರಕ್ಕೆ ನಾವು ಬೆಲೆ ಕಟ್ಟಲೇ ಇಲ್ಲ.

‘ನಾವು’ ಎಂದು ಸುಮ್ಮನೆ ಬರೆದಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಹೆಚ್ಚುವರಿ ನರ್ಸ್ ಹುದ್ದೆಗಳ ಮಂಜೂರಾತಿ ಕೋರಿದ ಕಡತವೊಂದು ನನ್ನ ಮೇಜಿಗೆ ಬಂದಿತ್ತು. ಪ್ರಸ್ತಾವನೆಯಲ್ಲಿ ಪಾಳಿಗಳ ಕೋಷ್ಟಕವೂ ಇತ್ತು. ಅದನ್ನು ನಾನು ಓದಿದೆ; ಓದಲಿಲ್ಲವೆಂದು ಸುಳ್ಳು ಹೇಳಲಾರೆ. ಆ ವರ್ಷ ಹೊಸ ಹುದ್ದೆಗಳ ಸೃಷ್ಟಿಗೆ ನಿರ್ಬಂಧವಿತ್ತು. ‘ಹಾಲಿ ಲಭ್ಯವಿರುವ ಸಿಬ್ಬಂದಿಯಿಂದಲೇ ಸೂಕ್ತ ಹೊಂದಾಣಿಕೆಯೊಂದಿಗೆ ನಿರ್ವಹಿಸಬಹುದಾಗಿದೆ’ ಎಂದು ಟಿಪ್ಪಣಿ ಬರೆದು ಮೇಲಕ್ಕೆ ಕಳುಹಿಸಿದೆ. ಮೇಲಿನವರು ಸಹಿ ಹಾಕಿದರು. ಸರ್ಕಾರಿ ಕನ್ನಡದಲ್ಲಿ ‘ಹೊಂದಾಣಿಕೆ’ಯಷ್ಟು ಸಾಧುವಾದ ಪದ ಇನ್ನೊಂದಿಲ್ಲ. ಯಾರು ಯಾರೊಂದಿಗೆ ಏನನ್ನು ಹೊಂದಿಸಿಕೊಳ್ಳಬೇಕು ಎಂಬುದನ್ನು ಅದು ಹೇಳುವುದಿಲ್ಲ. ಅತ್ತೆಯ ಮಂಚದ ಪಕ್ಕ ಕುಳಿತಿದ್ದಾಗ ನನಗೆ ಹೊಳೆದದ್ದು ಇಷ್ಟೆ: ಹೊಂದಿಸಿಕೊಳ್ಳಲಾದದ್ದು ನಿದ್ದೆ. ಆ 24 ಗಂಟೆ ಯಾವುದೋ ಲೆಕ್ಕಶೀರ್ಷಿಕೆಯಿಂದ ಬಂದದ್ದಲ್ಲ, ಮನುಷ್ಯರ ಮೈಯಿಂದ ಬಂದದ್ದು. ಉತ್ಪಾದಕನು ತಾನು ಭರಿಸಬೇಕಾದ ವೆಚ್ಚವನ್ನು ಇತರರ ಮೇಲೆ ದಾಟಿಸಿದಾಗ ಅರ್ಥಶಾಸ್ತ್ರದಲ್ಲಿ ಅದನ್ನು ಬಾಹ್ಯ ವೆಚ್ಚವೆನ್ನುತ್ತಾರೆ. ಹೊಳೆಗೆ ಕೊಳಚೆ ಬಿಡುವ ಕಾರ್ಖಾನೆಯ ಉದಾಹರಣೆಯನ್ನು ನಮಗೆ ಪಾಠ ಹೇಳಿದ್ದರು. ಸರ್ಕಾರವೂ ಅಂಥ ಕಾರ್ಖಾನೆಯಾಗಬಲ್ಲದು ಎಂದು ಯಾರೂ ಹೇಳಿರಲಿಲ್ಲ.

ರಾತ್ರಿ ಕೆಟ್ಟ ನಿದ್ದೆಯನ್ನು ಹಗಲು ಮಲಗಿ ತೀರಿಸಿಕೊಂಡರಾಯಿತಲ್ಲವೇ ಎಂದು ಕೇಳುವವರಿದ್ದಾರೆ. ದೇಹ ಹಾಗೆ ಸಾಲ ತೀರಿಸಲು ಬಿಡುವುದಿಲ್ಲ. ಜೀವಕೋಶಗಳೊಳಗೇ ಒಂದು ಗಡಿಯಾರವಿದೆ. ಅದರ ಯಂತ್ರವನ್ನು ಬಿಡಿಸಿ ತೋರಿಸಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪುರಸ್ಕಾರ ಬಂತು. ಆ ಗಡಿಯಾರ ಬೆಳಕನ್ನು ನೋಡಿ ಹೊಂದಿಕೊಳ್ಳುತ್ತದೆ, ಪಾಳಿಪಟ್ಟಿಯನ್ನು ನೋಡಿ ಅಲ್ಲ. ನಸುಕಿನಲ್ಲಿ ಮೈಯ ಉಷ್ಣಾಂಶ ಅತ್ಯಂತ ಕೆಳಗಿಳಿದಿರುತ್ತದೆ, ಎಚ್ಚರವೂ ಮಂಕಾಗಿರುತ್ತದೆ. ನಮ್ಮ ಹಿರಿಯರು ಬ್ರಾಹ್ಮೀ ಮುಹೂರ್ತವೆಂದು ಕೊಂಡಾಡಿದ ಹೊತ್ತು, ರಾತ್ರಿಯಿಡೀ ನಿದ್ದೆಗೆಟ್ಟವರ ಪಾಲಿಗೆ ಅತ್ಯಂತ ಅಪಾಯದ ಹೊತ್ತು. ಇನ್ನು ಹಗಲಿನ ನಿದ್ದೆ ರಾತ್ರಿಯದಕ್ಕಿಂತ ಒಂದರಿಂದ ನಾಲ್ಕು ಗಂಟೆಯಷ್ಟು ಕಡಿಮೆಯಿರುತ್ತದೆ, ಅದೂ ತುಂಡುತುಂಡಾಗಿ. 1997ರಲ್ಲಿ ಆಸ್ಟ್ರೇಲಿಯದ ಇಬ್ಬರು ಸಂಶೋಧಕರು ತೋರಿಸಿಕೊಟ್ಟಂತೆ, ಸತತ 17 ಗಂಟೆ ಎಚ್ಚರವಿದ್ದವರ ಕೈಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯಾಂಶ ಇರುವವರ ಮಟ್ಟಕ್ಕೆ ಕುಸಿಯುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ ಶೇ 0.03. ಬೆಳಿಗ್ಗೆ ಆರಕ್ಕೆ ಎದ್ದು, ಹಗಲು ಕಣ್ಣು ಮುಚ್ಚಲಾಗದೆ ರಾತ್ರಿ ಎಂಟಕ್ಕೆ ಪಾಳಿಗೆ ಬಂದವರು ಮುಂಜಾನೆ ನಾಲ್ಕರ ವೇಳೆಗೆ 22 ಗಂಟೆಯಿಂದ ಎಚ್ಚರವಿರುತ್ತಾರೆ. ಆ ಸ್ಥಿತಿಯಲ್ಲಿ ಸ್ಕೂಟರ್ ಓಡಿಸುವುದು ನಮ್ಮ ದೃಷ್ಟಿಯಲ್ಲಿ ಅಪಾಯವಾದರೆ, ಮೂವತ್ತು ಹಾಸಿಗೆಗಳ ನಡುವೆ ಸಿರಿಂಜು ಹಿಡಿದು ಓಡಾಡುವುದು ಏನು? ದೀರ್ಘಕಾಲದ ಪರಿಣಾಮ ಇನ್ನೂ ಗಂಭೀರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯ ದುಡಿಮೆಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗದಲ್ಲಿರಿಸಿದೆ.

ಪ್ರಯೋಗಾಲಯದ ಅಳತೆಗೆ ಸಿಗದ ಇನ್ನೊಂದು ಸಂಗತಿಯಿದೆ. ಹಗಲು ನಿದ್ದೆ ಎನ್ನುವುದು ನಮ್ಮ ಊರಿನ ಮನೆಗಳಲ್ಲಿ, ಅದರಲ್ಲೂ ಹೆಂಗಸಿಗೆ, ಸಿಗುವಂಥದೇ ಅಲ್ಲ. ಬೆಳಿಗ್ಗೆ ಎಂಟೂವರೆಗೆ ಮನೆ ತಲುಪಿದರೆ ಮಕ್ಕಳ ಶಾಲೆಯ ಗಡಿಬಿಡಿ. ನಲ್ಲಿಯಲ್ಲಿ ನೀರು ಬರುವ ಹೊತ್ತು ತಪ್ಪಿದರೆ ದಿನವೆಲ್ಲ ನೀರಿಲ್ಲ. ಹನ್ನೊಂದಕ್ಕೆ ಹಾಸಿಗೆ ಸೇರಿದರೆ ಪಕ್ಕದ ಮನೆಯ ಮಿಕ್ಸಿ, ರಸ್ತೆಯಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ಬರುವ ತರಕಾರಿ ಗಾಡಿ, ಕರೆಂಟು ಹೋಗಿ ನಿಂತ ಫ್ಯಾನು, ಕಾದ ಶೀಟಿನ ಮಾಡು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಗಾದೆ ಮಾಡಿದವನು ಗಂಡಸೇ ಇರಬೇಕು. ಮಧ್ಯಾಹ್ನ ನಾಲ್ಕರ ಮೇಲೂ ಮಲಗಿದ್ದರೆ ದೀಪ ಹಚ್ಚುವ ಹೊತ್ತಿಗೆ ಹೆಂಗಸು ಮಲಗಿದರೆ ಮನೆಗೆ ಶ್ರೇಯಸ್ಸಲ್ಲ ಎಂಬ ಮಾತು ಕೇಳಬೇಕಾಗುತ್ತದೆ. ಆ ಮಾತನ್ನು ನನ್ನ ತಾಯಿಯ ಬಾಯಲ್ಲಿ ಕೇಳಿಯೇ ನಾನು ಬೆಳೆದದ್ದು. ಒಬ್ಬ ನರ್ಸ್ ನನಗೆ ಹೇಳಿದ ಮಾತು ಮರೆಯಲಾಗದ್ದು: ‘ಡ್ಯೂಟಿಲಿ ಎಚ್ರ ಇರೋದು ಕಷ್ಟ ಅಲ್ಲ ಸರ್, ಮನೇಲಿ ಮಲಗೋದು ಕಷ್ಟ.’

ಇಲ್ಲಿ ಒಂದು ತೊಡಕನ್ನು ಮರೆಮಾಚಬಾರದು. ಸತತ ಆರು–ಏಳು ರಾತ್ರಿಗಳ ಪಾಳಿಯನ್ನು ಅನೇಕ ಕಡೆ ನರ್ಸುಗಳೇ ಬಯಸಿ ಪಡೆಯುತ್ತಾರೆ. ದೂರದ ಜಿಲ್ಲೆಗಳಿಂದ ಬಂದು ಮಲೆನಾಡಿನಲ್ಲಿ ಕೆಲಸ ಮಾಡುವವರಿಗೆ, ರಾತ್ರಿಗಳನ್ನೆಲ್ಲ ಒಟ್ಟಿಗೆ ಮುಗಿಸಿದರೆ ಒಟ್ಟಿಗೆ ನಾಲ್ಕು ದಿನ ರಜೆ ಸಿಗುತ್ತದೆ, ಊರಿಗೆ ಹೋಗಿ ಮಕ್ಕಳ ಮುಖ ನೋಡಿ ಬರಬಹುದು. ಇದು ಅವರ ಆಯ್ಕೆ, ನಾವೇಕೆ ತಲೆಹಾಕಬೇಕು ಎಂದು ಆಡಳಿತಾಧಿಕಾರಿಗಳು ಹೇಳುವುದುಂಟು. ಬೇರೆ ದಾರಿ ಇಲ್ಲದವರ ಆಯ್ಕೆಯನ್ನು ಆಯ್ಕೆ ಎನ್ನಲು ನಾನು ಒಪ್ಪಲಾರೆ. ಆದರೂ ಬೆಂಗಳೂರಿನಿಂದ ಒಂದು ಸುತ್ತೋಲೆ ಹೊರಡಿಸಿ ‘ಸತತ ಮೂರು ರಾತ್ರಿ ಮೀರತಕ್ಕದ್ದಲ್ಲ’ ಎಂದುಬಿಟ್ಟರೆ ಮೊದಲು ವಿರೋಧಿಸುವವರು ಇವರೇ ಆಗಬಹುದು. ವಸತಿಗೃಹ, ವರ್ಗಾವಣೆ, ಗಂಡನ ಕೆಲಸದ ಊರು ಎಲ್ಲವೂ ಈ ನಿದ್ದೆಯ ಪ್ರಶ್ನೆಗೆ ಅಂಟಿಕೊಂಡಿವೆ.

ಇತರ ಕಸುಬುಗಳಲ್ಲಿ ನಾವು ಈ ವಿಷಯವನ್ನು ಅರ್ಥಮಾಡಿಕೊಂಡಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಸ್ ಚಾಲಕರಿಗೆ ದಿನಕ್ಕೆ ಎಂಟು, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ರೈಲು ಚಾಲಕರಿಗೆ ಪಾಳಿ ಮುಗಿದಲ್ಲಿ ಮಲಗಲು ‘ರನ್ನಿಂಗ್ ರೂಮ್’ ಇದೆ; ಬ್ರಿಟಿಷರ ಕಾಲದಿಂದ ಬಂದ ಪದ್ಧತಿ. ನಿದ್ದೆಗಣ್ಣಿನ ಚಾಲಕ ನೂರಾರು ಜನರನ್ನು ಕೊಲ್ಲಬಲ್ಲ ಎಂಬುದು ಕಣ್ಣಿಗೆ ಕಾಣುವ ಸತ್ಯ. ಆಸ್ಪತ್ರೆಯಲ್ಲಿ ನಿದ್ದೆಗಣ್ಣಿನಿಂದ ಆಗುವ ಅನಾಹುತ ಒಂದೊಂದೇ ಮಂಚದಲ್ಲಿ, ಸದ್ದಿಲ್ಲದೆ ಆಗುತ್ತದೆ. ‘ಚಿಕಿತ್ಸೆ ಫಲಕಾರಿಯಾಗದೆ’ ಎಂಬ ನಾಲ್ಕಕ್ಷರದ ಸುದ್ದಿಯಲ್ಲಿ ಮುಗಿದುಹೋಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1977ರಲ್ಲೇ ಶುಶ್ರೂಷಾ ಸಿಬ್ಬಂದಿಗಾಗಿ ಪ್ರತ್ಯೇಕ ಶಿಫಾರಸು ಹೊರಡಿಸಿ, ಎರಡು ಪಾಳಿಗಳ ನಡುವೆ ಕನಿಷ್ಠ 12 ಗಂಟೆಯ ಸತತ ವಿಶ್ರಾಂತಿ ಇರಬೇಕೆಂದಿತು. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ದುಡಿದು ಅದೇ ಮಧ್ಯಾಹ್ನ ಎರಡಕ್ಕೆ ಮತ್ತೆ ಹಾಜರಾಗುವವರು ನಮ್ಮಲ್ಲಿ ಅಪರೂಪವೇನಲ್ಲ.

ವೈದ್ಯರ ವಿಷಯದಲ್ಲಿ ಚರ್ಚೆಯಾದರೂ ನಡೆದಿದೆ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ 18 ವರ್ಷದ ಲಿಬ್ಬಿ ಜಿಯಾನ್ ಎಂಬ ಯುವತಿ ಸತ್ತಾಗ, ಆ ರಾತ್ರಿಯ ಕಿರಿಯ ವೈದ್ಯರ ದಣಿವು ಸಾರ್ವಜನಿಕ ಪ್ರಶ್ನೆಯಾಯಿತು. 1989ರಲ್ಲಿ ಆ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ತಂದಿತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲೇ, ನಿವಾಸಿ ವೈದ್ಯರನ್ನು ಸತತವಾಗಿ 12 ಗಂಟೆಗಿಂತ ಹೆಚ್ಚು ದುಡಿಸಬಾರದು, ವಾರಕ್ಕೆ ಸಾಮಾನ್ಯವಾಗಿ 48 ಗಂಟೆ ಸಾಕು ಎಂದಿತ್ತು. ಆ ಆದೇಶ ಕಡತದಲ್ಲಿ ಸುಖವಾಗಿ ನಿದ್ರಿಸಿತು. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, ದೀರ್ಘ ಪಾಳಿಯ ನಡುವೆ ಕೊಂಚ ವಿಶ್ರಮಿಸಲು ಸೆಮಿನಾರ್ ಕೊಠಡಿಗೆ ಹೋದ ಯುವ ವೈದ್ಯೆಯ ಮೇಲೆ ಅತ್ಯಾಚಾರವೆಸಗಿ ಕೊಲ್ಲಲಾಯಿತು. ಆಗ ಸುಪ್ರೀಂ ಕೋರ್ಟು 36 ಗಂಟೆಗಳ ಪಾಳಿಯನ್ನು ಅಮಾನವೀಯವೆಂದು ಕರೆಯಿತು. ಅದೇ ತಿಂಗಳು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ನಿವಾಸಿ ವೈದ್ಯರಿಗೆ ವಾರಕ್ಕೆ 74 ಗಂಟೆ ಮೀರದಂತೆ ಶಿಫಾರಸು ಮಾಡಿತು. ಓದುಗರು ಗಮನಿಸಿರಬಹುದು: ವೈದ್ಯರಿಗೆ ಅತಿಯಾಯಿತೆಂದು ಎಳೆದ ಗೆರೆ 74, ಮೂವರೇ ನರ್ಸುಗಳಿರುವ ಕೇಂದ್ರದ ರಾತ್ರಿ ಪಾಳಿ 84. ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರಲ್ಲಿ ಬೆಂಗಳೂರಿನ ಹೆಸರಾಂತ ಉದ್ಯಮಿಯೊಬ್ಬರು ಹೇಳಿ ದೊಡ್ಡ ಚರ್ಚೆಯಾಯಿತು. ಸೊರಬದ ಕಡೆಗೆ ಅವರು ಬಂದಿದ್ದರೆ ಸಂತೋಷಪಡುತ್ತಿದ್ದರೇನೋ.

ಸಣ್ಣ ಆಸ್ಪತ್ರೆಯಲ್ಲಿ ರಾತ್ರಿ ಕೆಲಸವೇ ಇರುವುದಿಲ್ಲ, ಹೇಗೂ ಮಲಗುತ್ತಾರೆ ಎಂಬ ಆಕ್ಷೇಪ ನನಗೆ ಗೊತ್ತು; ನಾನೇ ಒಂದು ಕಾಲಕ್ಕೆ ಹಾಗೆ ವಾದಿಸಿದವನು. ಕೆಲವು ರಾತ್ರಿ ಒಬ್ಬ ರೋಗಿಯೂ ಬರುವುದಿಲ್ಲವೆಂಬುದು ನಿಜ. ಆದರೆ ಬಾಗಿಲು ಯಾವಾಗ ಬಡಿದೀತೆಂದು ಕಿವಿಗೊಟ್ಟು ಮೇಜಿಗೆ ತಲೆಯಾನಿಸುವುದನ್ನು ನಿದ್ದೆ ಎನ್ನಲಾಗದು. ಹಾಗೆ ಅರೆನಿದ್ದೆಯಿಂದ ದಡಬಡಿಸಿ ಎದ್ದ ಮೊದಲ ಕೆಲವು ನಿಮಿಷ ಬುದ್ಧಿ ಅತಿ ಮಂದವಾಗಿರುತ್ತದೆ. ಹೆರಿಗೆಯಾದ ಹೆಂಗಸಿಗೆ ರಕ್ತಸ್ರಾವವಾಗುತ್ತಿದ್ದರೆ ಆ ಕೆಲವು ನಿಮಿಷಗಳೇ ಮುಖ್ಯ.

ಪಾಳಿಗಳನ್ನು ಉತ್ತಮಪಡಿಸುವ ಉಪಾಯಗಳು ಗೊತ್ತಿಲ್ಲದವೇನಲ್ಲ. 1982ರಷ್ಟು ಹಿಂದೆಯೇ ಅಮೆರಿಕದ ಯೂಟಾ ರಾಜ್ಯದ ಖನಿಜ ಕಾರ್ಖಾನೆಯೊಂದರಲ್ಲಿ ಪಾಳಿಗಳ ದಿಕ್ಕನ್ನು ಬದಲಿಸಿ ನೋಡಿದರು: ರಾತ್ರಿಯಿಂದ ಸಂಜೆಗೆ, ಸಂಜೆಯಿಂದ ಬೆಳಿಗ್ಗೆಗೆ ಹಿಂದಕ್ಕೆ ಸರಿಯುವ ಬದಲು ಬೆಳಿಗ್ಗೆ, ಸಂಜೆ, ರಾತ್ರಿ ಎಂದು ಮುಂದಕ್ಕೆ. ಹೆಚ್ಚಿನ ಖರ್ಚಿಲ್ಲದೆ ಕಾರ್ಮಿಕರ ಆರೋಗ್ಯವೂ ಉತ್ಪಾದನೆಯೂ ಸುಧಾರಿಸಿದವು. ಇದಕ್ಕೆ ಬೇಕಾದದ್ದು ಪಾಳಿಪಟ್ಟಿ ಬರೆಯುವವರಿಗೆ ಒಂದು ದಿನದ ತಿಳಿವಳಿಕೆ. ರಾತ್ರಿಗೆ ಇಬ್ಬರಿದ್ದರೆ ಒಬ್ಬರು ಅರ್ಧ ಗಂಟೆ ಮಲಗಿ ಏಳಲು ಅಧಿಕೃತ ಅನುಮತಿ ಕೊಡಬಹುದು. ಈಗ ಅದು ಕದ್ದು ಮಾಡುವ ತಪ್ಪು, ಯಾರಾದರೂ ಮೊಬೈಲಿನಲ್ಲಿ ಚಿತ್ರ ತೆಗೆದರೆ ಅಮಾನತು. ಆದರೆ ಇವೆಲ್ಲ ಜನ ಇದ್ದಾಗಿನ ಮಾತು. ಮೂವರನ್ನು ಹೇಗೆ ಜೋಡಿಸಿದರೂ ನಾಲ್ವರಾಗುವುದಿಲ್ಲ. ಹಗಲಿರುಳು ತೆರೆದಿರುವ ಪ್ರತಿ ಕೇಂದ್ರಕ್ಕೆ ಕನಿಷ್ಠ ಐವರು ನರ್ಸುಗಳ ಹುದ್ದೆ ಮಂಜೂರಾಗಬೇಕು, ಹೆರಿಗೆ ರಜೆಗೆ ಹೋದವರ ಜಾಗಕ್ಕೆ ಜಿಲ್ಲೆಯ ಮಟ್ಟದಲ್ಲಿ ಬದಲಿ ಸಿಬ್ಬಂದಿಯ ತಂಡವಿರಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇದಕ್ಕೆ ಹಣ ಬೇಕು, ಸಣ್ಣ ಮೊತ್ತವಲ್ಲ. ಆ ವೆಚ್ಚ ಈಗಲೂ ಆಗುತ್ತಿದೆ, ಬಜೆಟ್ ಪುಸ್ತಕದಲ್ಲಿ ಕಾಣುವುದಿಲ್ಲ ಅಷ್ಟೆ. ಹಣಕಾಸು ನೋಡುವ ನನ್ನ ಹಳೆಯ ಸಹೋದ್ಯೋಗಿಗಳು ಇದನ್ನು ಒಪ್ಪದಿದ್ದರೆ, ಒಂದು ರಾತ್ರಿ ಯಾವುದಾದರೂ ತಾಲ್ಲೂಕಿನ ವಾರ್ಡಿನಲ್ಲಿ ರೋಗಿಯ ಕಡೆಯವರಾಗಿ ಕುಳಿತು ಬರಲಿ.

ಅಲ್ಲಿಯವರೆಗೆ ಮಾಡಬಹುದಾದ ಒಂದು ಚಿಕ್ಕ ಕೆಲಸವಿದೆ. ಪ್ರತಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಎಂಬುದಿದೆ. ಸ್ಥಳೀಯ ಪ್ರತಿನಿಧಿಗಳು, ಊರಿನ ನಾಲ್ಕು ಜನ ಅದರಲ್ಲಿರುತ್ತಾರೆ. ಆನವಟ್ಟಿಯಂಥ ಊರುಗಳ ದಾನಿಗಳು ಆಸ್ಪತ್ರೆಗೆ ಕುರ್ಚಿ ಕೊಟ್ಟು ಹೆಸರು ಬರೆಸುತ್ತಾರೆ, ನೀರಿನ ತೊಟ್ಟಿ ಕಟ್ಟಿಸುತ್ತಾರೆ. ಹೆರಿಗೆ ಕೋಣೆಗೆ ಕೂಗಳತೆಯಲ್ಲಿ ಒಂದು ಪುಟ್ಟ ಕೊಠಡಿ, ಅದರಲ್ಲೊಂದು ಮಂಚ, ಸೊಳ್ಳೆ ಪರದೆ, ಬೆಳಕು ತಡೆಯುವ ದಪ್ಪ ಬಟ್ಟೆ, ಮುಖ್ಯವಾಗಿ ಒಳಗಿನಿಂದ ಹಾಕಿಕೊಳ್ಳುವ ಗಟ್ಟಿ ಚಿಲಕ. ಇಷ್ಟಕ್ಕೆ ಸರ್ಕಾರದ ಆದೇಶ ಬೇಕಿಲ್ಲ.

ಅತ್ತೆ ಈಗ ಮನೆಯಲ್ಲಿ ಚೆನ್ನಾಗಿದ್ದಾರೆ. ಬಿಡುಗಡೆಯಾದ ವಾರದ ಮೇಲೆ, ‘ಆ ಹುಡುಗಿ ನನ್ನ ಬಾಳ ಚೆನ್ನಾಗಿ ನೋಡ್ಕೊಂಡ್ಳು ಕಣೋ, ಇದನ್ನ ಕೊಟ್ಟು ಬಾ’ ಎಂದು ಒಂದು ಡಬ್ಬಿ ಕೋಡುಬಳೆ ಕೊಟ್ಟು ಕಳುಹಿಸಿದರು. ನಾನು ಹೋದಾಗ ಬೆಳಿಗ್ಗೆ ಹನ್ನೊಂದಾಗಿತ್ತು. ಆ ನರ್ಸ್ ಇರಲಿಲ್ಲ. ಫೋನ್ ನಂಬರ್ ಸಿಗುತ್ತದೆಯೇ ಎಂದು ಅಲ್ಲಿನ ಗ್ರೂಪ್ ಡಿ ಹೆಂಗಸನ್ನು ಕೇಳಿದೆ. ‘ಈಗ ಮಾಡ್ಬೇಡಿ ಸಾರ್, ಮಲಗಿರ್ತಾರೆ. ಇನ್ನೊಬ್ರು ರಜಾ ಹಾಕಿದಾರೆ, ಎರಡು ಗಂಟೆಗೆ ಮತ್ತೆ ಬರ್ಬೇಕು ಅವ್ರು’ ಎಂದರು. ಡಬ್ಬಿಯನ್ನು ಅವರ ಕೈಯಲ್ಲೇ ಕೊಟ್ಟು ಬಂದೆ.